ಸಿಪ್ಯಾಪ್ ಮಾಸ್ಕ್ ಮಾರುವವರು ಮಲಗಿಸಿ ಅಳತೆ ನೋಡಿ ಕೊಡಲಿ

ಮಾನ್ಯ ಸಂಪಾದಕರೇ,

ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಸ್ಲೀಪ್ ಅಪ್ನಿಯಾ ಕಾಯಿಲೆಯ ಬಗ್ಗೆ ನಿಮ್ಮ ಪತ್ರಿಕೆಯಲ್ಲೂ ಬೇರೆ ಪತ್ರಿಕೆಗಳಲ್ಲೂ ಆಗಾಗ ಲೇಖನ ಬರುತ್ತದೆ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ತೀರಿಕೊಂಡಾಗಲಂತೂ ಈ ಕಾಯಿಲೆಯ ಹೆಸರು ಎಲ್ಲರ ಬಾಯಲ್ಲೂ ಬಂತು. ಗೊರಕೆಯನ್ನು ಹಗುರವಾಗಿ ತಗೋಬೇಡಿ, ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದರೆ ಮಾಸ್ಕ್ ಮೂಲಕ ಗಾಳಿ ಕಳಿಸುವ ಸಿಪ್ಯಾಪ್ ಯಂತ್ರ ಬಳಸಿ. ಇಷ್ಟು ಹೇಳಿ ಲೇಖನ ಮುಗಿಯುತ್ತದೆ. ನಮ್ಮಂಥವರ ಕಷ್ಟ ಶುರುವಾಗುವುದೇ ಅಲ್ಲಿಂದ. ಸಾವಿರಾರು ರೂಪಾಯಿ ಕೊಟ್ಟು ಯಂತ್ರ ತಂದ ಮೇಲೆ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರದೆ, ನಿದ್ದೆಯೂ ಬಾರದೆ, ಎಷ್ಟು ಜನ ಅದನ್ನು ಚೀಲದ ಸಮೇತ ಬೀರುವಿನ ಮೇಲೆ ಇಟ್ಟುಬಿಟ್ಟಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ನನಗೆ ಗೊತ್ತಿರುವವರಲ್ಲೇ ಅಂಥವರಿದ್ದಾರೆ. ಅವರನ್ನು ಕೇಳಿದರೆ "ಮಿಷನ್ ನಮಗೆ ಆಗಿಬರಲಿಲ್ಲ" ಅನ್ನುತ್ತಾರೆ. ಹೆಚ್ಚಿನವರಿಗೆ ಆಗಿಬರದಿದ್ದದ್ದು ಯಂತ್ರ ಅಲ್ಲ, ಮಾಸ್ಕ್. ಈ ಪತ್ರ ಅದರ ಬಗ್ಗೆ.

ನಾನು ಶಿವಮೊಗ್ಗದವಳು, ಐವತ್ತು ದಾಟಿದೆ. ಹೆಂಗಸರು ಗೊರಕೆ ಹೊಡೆಯುತ್ತಾರೆ ಅಂತ ಹೇಳಿಕೊಳ್ಳುವುದಕ್ಕೆ ನಮ್ಮಲ್ಲಿ ಇನ್ನೂ ಸಂಕೋಚ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ಕಾಯಿಲೆ ಜಾಸ್ತಿಯಾಗುತ್ತದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಬೆಳಗ್ಗೆ ಎದ್ದರೆ ತಲೆ ಭಾರ, ಹಗಲೆಲ್ಲ ತೂಕಡಿಕೆ, ಮಾತ್ರೆ ನುಂಗಿದರೂ ಇಳಿಯದ ಬಿಪಿ. ಥೈರಾಯ್ಡ್ ಇರಬೇಕು, ರಕ್ತ ಕಡಿಮೆ ಇರಬೇಕು ಅಂತಲೇ ಎಲ್ಲರೂ ಅಂದರು. ಕೊನೆಗೆ ನಮ್ಮ ಮನೆಯವರು ಒಂದು ರಾತ್ರಿ ಎದ್ದು ಕೂತು ನೋಡಿ, "ನಿನ್ನ ಉಸಿರು ನಿಂತು ನಿಂತು ಬರ್ತಿದೆ ಕಣೇ" ಅಂದ ಮೇಲೆ ನಿದ್ದೆ ಪರೀಕ್ಷೆ ಆಯಿತು.

ಗೊತ್ತಿಲ್ಲದವರಿಗಾಗಿ ಎರಡು ಮಾತು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಕನಿಷ್ಠ 10 ಸೆಕೆಂಡ್ ಹೀಗೆ ಉಸಿರು ನಿಂತರೆ ಅಥವಾ ತೀರಾ ಕಡಿಮೆಯಾದರೆ ಅದನ್ನು ಒಂದು ಅಂತ ಲೆಕ್ಕ ಹಾಕುತ್ತಾರೆ. ಗಂಟೆಗೆ 5ರಿಂದ 15 ಬಾರಿ ಆದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ. ನನ್ನದು ತೀವ್ರ. ಸಿಪ್ಯಾಪ್ ಯಂತ್ರ ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಡದಲ್ಲಿ ಕೊಳವೆಯ ಮೂಲಕ ಕಳಿಸಿ, ಗಂಟಲಿನ ದಾರಿ ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಆಕ್ಸಿಜನ್ ಯಂತ್ರ ಅಂತ ನೆಂಟರೆಲ್ಲ ಹೆದರುತ್ತಾರೆ, ಅದು ಆಕ್ಸಿಜನ್ ಅಲ್ಲ. ಆ ಗಾಳಿ ಗಂಟಲಿಗೆ ತಲುಪಬೇಕಾದರೆ ನಡುವೆ ಇರುವ ಮಾಸ್ಕ್ ಸೋರಬಾರದು. ಮಾಸ್ಕ್ ಸೋರಿದರೆ ಎಷ್ಟು ದುಬಾರಿ ಯಂತ್ರ ಇದ್ದರೂ ಅಷ್ಟೇ.

ಈಗ ನನಗೆ ಮಾಸ್ಕ್ ಕೊಟ್ಟ ರೀತಿ ಹೇಳುತ್ತೇನೆ. ಅಂಗಡಿಯವರು ಕುರ್ಚಿಯಲ್ಲಿ ಕೂರಿಸಿದರು. ಮೂಗು ಬಾಯಿ ಎರಡೂ ಮುಚ್ಚುವ ದೊಡ್ಡ ಮಾಸ್ಕ್, ಮೀಡಿಯಂ ಸೈಜ್, ಅವರ ಹತ್ತಿರ ಇದ್ದದ್ದೇ ಅದೊಂದು. ತಲೆಗೆ ಪಟ್ಟಿ ಬಿಗಿದರು, ಕನ್ನಡಿ ತೋರಿಸಿದರು, "ಸರಿಯಾಗಿದೆ ಮೇಡಂ" ಅಂದರು. ಯಂತ್ರ ಆನ್ ಮಾಡಲಿಲ್ಲ. ಮಲಗಿ ನೋಡಿ ಅನ್ನಲಿಲ್ಲ. ಬಿಲ್ ಮೇಲೆ "ಮಾಸ್ಕ್ ವಾಪಸ್ ಪಡೆಯುವುದಿಲ್ಲ" ಅನ್ನುವ ಸೀಲ್ ಮಾತ್ರ ಮರೆಯದೆ ಒತ್ತಿದರು.

ಕೂತಾಗ ಇರುವ ಮುಖ ಬೇರೆ, ಮಲಗಿದಾಗ ಆಗುವ ಮುಖ ಬೇರೆ. ಮಲಗಿದ ತಕ್ಷಣ ಕೆನ್ನೆ ಕಿವಿಯ ಕಡೆ ಜಾರುತ್ತದೆ, ಗಲ್ಲ ಹಿಂದಕ್ಕೆ ಹೋಗುತ್ತದೆ. ಮಗ್ಗುಲಾದರೆ ದಿಂಬು ಮಾಸ್ಕನ್ನು ಒಂದು ಕಡೆಗೆ ತಳ್ಳುತ್ತದೆ. ಈಗಿನ ಹಲವು ಯಂತ್ರಗಳು ಬೇಕಾದ ಹಾಗೆ ಒತ್ತಡವನ್ನು ತಾವೇ ಏರಿಸಿ ಇಳಿಸುತ್ತವೆ. ಒತ್ತಡವನ್ನು ಅಳೆಯುವುದು ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ, ಮಲಗುವಾಗ 4ರಲ್ಲಿ ಶುರುವಾದದ್ದು ನಡುರಾತ್ರಿ 12, 13ಕ್ಕೆ ಹೋಗಬಹುದು, 20ರವರೆಗೂ ಏರುವ ಯಂತ್ರಗಳಿವೆ. ಆಗ ಮೂಗಿನ ಪಕ್ಕದ ಸಣ್ಣ ಸಂದಿಯಿಂದ ಗಾಳಿ ಸೀದಾ ಕಣ್ಣಿಗೆ ಹೊಡೆಯುತ್ತದೆ. ಸಿಳ್ಳೆ ಹೊಡೆದ ಹಾಗೆ ಸದ್ದು. ಬೆಳಗ್ಗೆ ಕಣ್ಣು ಕೆಂಪು, ಮರಳು ಬಿದ್ದ ಹಾಗೆ ಉರಿ. ಎಲ್ಲರೂ ಮಾಡುವ ಹಾಗೆ ಪಟ್ಟಿ ಇನ್ನಷ್ಟು ಬಿಗಿ ಮಾಡಿದ್ದಾಯಿತು. ಮೂಗಿನ ಮೇಲಿನ ಎಲುಬಿನ ಹತ್ತಿರ ಚರ್ಮ ಕೆಂಪಾಗಿ, ಆಮೇಲೆ ಸುಲಿದು ಗಾಯವಾಯಿತು. ಸೋರುವುದು ಮಾತ್ರ ನಿಲ್ಲಲಿಲ್ಲ. ಅಂಗಡಿಗೆ ಫೋನ್ ಮಾಡಿದರೆ "ಅಭ್ಯಾಸ ಆಗುತ್ತೆ ಮೇಡಂ, ಟೈಟ್ ಮಾಡಿ" ಅಂದರು.

ಬಿಗಿ ಮಾಡಿದರೆ ಸೋರಿಕೆ ಯಾಕೆ ನಿಲ್ಲುವುದಿಲ್ಲ ಅಂತ ಆಮೇಲೆ ಬೇರೆ ಕಡೆ ಒಬ್ಬ ತಂತ್ರಜ್ಞೆ ತೋರಿಸಿಕೊಟ್ಟರು. ಸಿಲಿಕಾನ್ ಮಾಸ್ಕಿನ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ. ಒಳಗೆ ದಪ್ಪ ಗೋಡೆ ಇರುತ್ತದೆ, ಅದರ ಮೇಲೆ ಮುಖಕ್ಕೆ ತಾಗುವ ಕಡೆ ತೆಳ್ಳಗಿನ ಇನ್ನೊಂದು ಪದರ. ಗಾಳಿ ಬಂದಾಗ ಆ ತೆಳು ಪದರ ಉಬ್ಬಿ ಮುಖಕ್ಕೆ ಮೆತ್ತಗೆ ಅಂಟಿಕೊಳ್ಳಬೇಕು. ಜಾಸ್ತಿ ಬಿಗಿದರೆ ಅದು ಮಡಚಿ ಹೋಗುತ್ತದೆ, ಉಬ್ಬುವುದಕ್ಕೆ ಜಾಗವೇ ಇರುವುದಿಲ್ಲ, ಮಡಿಕೆಯ ಸಂದಿಯಿಂದಲೇ ಗಾಳಿ ಹೊರಗೆ ಬರುತ್ತದೆ.

ಆ ಹುಡುಗಿ ಮಾಡಿದ್ದು ಇಷ್ಟೇ. ಮುಖ ತೊಳೆದುಕೊಂಡು ಬರಲು ಹೇಳಿದಳು. ಕಾಗದದ ಅಳತೆಪಟ್ಟಿ ಹಿಡಿದು ಮೂಗಿನ ಅಗಲ, ಉದ್ದ ನೋಡಿದಳು. ಆ ಪಟ್ಟಿಯನ್ನು ಮಾಸ್ಕ್ ಕಂಪನಿಗಳೇ ಕೊಡುತ್ತವೆ, ಕೆಲವು ಕಂಪನಿಗಳದ್ದನ್ನು ನಾವೇ ಮನೆಯಲ್ಲಿ ಪ್ರಿಂಟ್ ಕೂಡ ತೆಗೆದುಕೊಳ್ಳಬಹುದು. ಮಂಚದ ಮೇಲೆ ಮಲಗಿಸಿ, ದಿಂಬು ಕೊಟ್ಟು, "ಆಂಟಿ, ಮನೇಲಿ ಯಾವ ಮಗ್ಗುಲಿಗೆ ಮಲಗ್ತೀರಿ, ಹಾಗೇ ಮಲಗಿ" ಅಂದಳು. ಯಂತ್ರ ಆನ್ ಮಾಡಿ, ನನ್ನ ರಿಪೋರ್ಟಿನಲ್ಲಿದ್ದ ಒತ್ತಡಕ್ಕೆ ತಂದಿಟ್ಟು, ಆಮೇಲೆ ಮಾಸ್ಕನ್ನು ಮುಖದಿಂದ ಸ್ವಲ್ಪ ಮುಂದಕ್ಕೆ ಎಳೆದು, ಗಾಳಿ ತುಂಬಲು ಬಿಟ್ಟು, ಮೆಲ್ಲಗೆ ವಾಪಸ್ ಕೂರಿಸಿದಳು. ಎರಡೂ ಕಡೆಯ ಪಟ್ಟಿಯನ್ನು ಒಟ್ಟಿಗೆ, ಸಮವಾಗಿ, ಸೋರುವುದು ನಿಲ್ಲುವಷ್ಟು ಮಾತ್ರ ಎಳೆದಳು. ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು, ಕಣ್ಣಿನ ಹತ್ತಿರ ಕೈ ಹಿಡಿದು ಗಾಳಿ ತಾಗುತ್ತಾ ಅಂತ ನೋಡಿದಳು. ಮೊದಲು ಕೊಟ್ಟದ್ದು ಆಗಲಿಲ್ಲ, ಬದಲಾಯಿಸಿ ಸಣ್ಣ ಅಳತೆಯದು ಹಾಕಿದಳು. ಅರ್ಧ ಗಂಟೆ ಚಿಲ್ಲರೆಯ ಕೆಲಸ. ಅಂದು ರಾತ್ರಿ ನಾನು ನಿದ್ದೆ ಮಾಡಿದೆ. ಬೆಳಗ್ಗೆ ತಲೆ ಭಾರ ಇಲ್ಲದೆ ಎದ್ದದ್ದು ಎಷ್ಟೋ ವರ್ಷಗಳ ಮೇಲೆ.

ಇದನ್ನು ಯಂತ್ರ ಮಾರುವ ಪ್ರತಿಯೊಬ್ಬರೂ ಯಾಕೆ ಮಾಡಬಾರದು? ಸಾವಿರ ರೂಪಾಯಿಯ ಕನ್ನಡಕ ಕೊಳ್ಳಲು ಹೋದರೂ ಅಂಗಡಿಯವರು ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ, ಮೂಗಿನ ಮೇಲೆ ಸರಿ ಕೂತಿದೆಯಾ ಅಂತ ನೋಡಿ ಕೊಡುತ್ತಾರೆ ಅಲ್ವಾ?

ಮಾಸ್ಕಿನಲ್ಲಿ ಬಗೆಗಳಿವೆ ಅನ್ನುವುದನ್ನೂ ಹೇಳುವವರಿಲ್ಲ. ಮೂಗನ್ನು ಮಾತ್ರ ಮುಚ್ಚುವುದು ಒಂದು. ಹೊಳ್ಳೆಗಳ ಬಾಯಿಗೆ ಕೂರುವ ಎರಡು ಮೆತ್ತನೆಯ ತುದಿ ಇರುವ ಪಿಲ್ಲೋ ಮಾಸ್ಕ್ ಇನ್ನೊಂದು. ಮೂಗು ಬಾಯಿ ಎರಡೂ ಮುಚ್ಚುವ ಫುಲ್ ಫೇಸ್ ಮತ್ತೊಂದು. ಬಾಯಿ ಮುಚ್ಚಿ, ಮೂಗಿನ ಮೇಲೇರದೆ ಕೆಳಗಷ್ಟೇ ನಿಲ್ಲುವಂಥದ್ದೂ ಇದೆ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2019ರ ಮಾರ್ಗಸೂಚಿಯಲ್ಲಿ, ಸಾಮಾನ್ಯವಾಗಿ ಫುಲ್ ಫೇಸ್‌ಗಿಂತ ಮೂಗಿನ ಮಾಸ್ಕ್ ಅಥವಾ ಪಿಲ್ಲೋ ಮಾಸ್ಕ್ ಕೊಡುವುದು ಒಳ್ಳೆಯದು ಅಂತ ಸಲಹೆ ಮಾಡಿದೆ. ಫುಲ್ ಫೇಸ್ ಮಾಸ್ಕ್ ಬಿಗಿದಾಗ ದವಡೆ ಹಿಂದಕ್ಕೆ ತಳ್ಳಿದ ಹಾಗಾಗಿ, ಎಷ್ಟೋ ಜನರಿಗೆ ಒತ್ತಡವೂ ಜಾಸ್ತಿ ಬೇಕಾಗುತ್ತದೆ. ಆದರೂ ನಮ್ಮ ಕಡೆ ಹೋದವರಿಗೆಲ್ಲ ಮೊದಲು ಕೈಗೆ ಕೊಡುವುದು ಅದನ್ನೇ. ಬಾಯಿ ಬಿಟ್ಟು ಮಲಗುವವರಿಗೆ ಬೇರೆ ದಾರಿ ಇಲ್ಲ ಅನ್ನುತ್ತಾರೆ. ಮೂಗು ಕಟ್ಟಿರುವುದರಿಂದ ಬಾಯಿ ತೆರೆಯುತ್ತದೆಯೋ ಅಂತ ಮೊದಲು ನೋಡಬೇಕಲ್ವಾ? ಅಲರ್ಜಿಗೋ ಮೂಗಿನ ಎಲುಬು ಓರೆಯಾಗಿರುವುದಕ್ಕೋ ಇಎನ್‌ಟಿ ಡಾಕ್ಟರಿಗೆ ತೋರಿಸಿ ಸರಿ ಮಾಡಿಕೊಂಡರೆ ಎಷ್ಟೋ ಜನ ಸಣ್ಣ ಮಾಸ್ಕಿನಲ್ಲೇ ಸುಖವಾಗಿ ಮಲಗಬಹುದು. ಕೆಲವರಿಗೆ ಫುಲ್ ಫೇಸ್ ಬೇಕೇ ಬೇಕು, ಅದು ಬೇರೆ ಮಾತು. ಆದರೆ ಅದು ನೋಡಿ, ಅಳೆದು, ಆಮೇಲೆ ಹೇಳಬೇಕಾದ ಮಾತು.

ಇನ್ನು ನಮ್ಮ ಮುಖಗಳು. ಈ ಮಾಸ್ಕಿನ ಜೊತೆ ಬರುವ ಪುಸ್ತಿಕೆಯಲ್ಲಿ ಮೂಗುಬೊಟ್ಟಿನ ಬಗ್ಗೆ ಒಂದು ಮಾತೂ ಕಾಣಲಿಲ್ಲ. ನಮ್ಮ ಹೆಂಗಸರಲ್ಲಿ ಎಷ್ಟು ಜನ ಅದನ್ನು ತೆಗೆದಿಟ್ಟು ಮಲಗುತ್ತಾರೆ? ಮೂಗುಬೊಟ್ಟಿನ ಹರಳು ಹೊರಗೆ ಸಿಲಿಕಾನಿಗೆ ಸಿಗುತ್ತದೆ, ತಿರುಪು ಹೊಳ್ಳೆಯ ಒಳಗೆ ಪಿಲ್ಲೋ ತುದಿಗೆ ಒತ್ತುತ್ತದೆ. ಒಂದೇ ರಾತ್ರಿಗೆ ಮೂಗು ಊದುತ್ತದೆ. ತೆಗೆದಿಡಲು ಆಗದವರಿಗೆ ಮೂಗಿನ ಅಂಚಿನಿಂದ ದೂರ ಕೂರುವ ಮಾಸ್ಕ್ ಹುಡುಕಿ ಕೊಡಬೇಕು. ಮಲಗುವಾಗ ತುರುಬು ಕಟ್ಟುವವರಿಗೆ ಹಿಂದಿನ ಪಟ್ಟಿ ಮೇಲಕ್ಕೆ ಜಾರಿ ಮಾಸ್ಕ್ ಸಡಿಲವಾಗುತ್ತದೆ. ಜಡೆ ಹೆಣೆದು ಪಟ್ಟಿಯ ಕೆಳಗೆ ಇಳಿಬಿಟ್ಟರೆ ಸರಿಹೋಗುತ್ತದೆ. ತಲೆಗೆ ಕೊಬ್ಬರಿ ಎಣ್ಣೆ, ಮುಖಕ್ಕೆ ಕ್ರೀಮ್ ಹಚ್ಚಿ ಮಲಗಿದರೆ ಸಿಲಿಕಾನ್ ಜಾರುತ್ತದೆ, ಬೇಗ ಹಾಳಾಗುತ್ತದೆ ಕೂಡ. ಮುಖದ ಜಿಡ್ಡು ಅದಕ್ಕೆ ಹತ್ತೇ ಹತ್ತುತ್ತದೆ, ಆದ್ದರಿಂದ ದಿನಾ ಬೆಳಗ್ಗೆ ಅಂಚನ್ನು ಸೌಮ್ಯವಾದ ಸೋಪು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಗಂಡಸರಿಗೆ ದಪ್ಪ ಮೀಸೆಯ ಮೇಲೆ ಮಾಸ್ಕಿನ ಅಂಚು ಬಂದರೆ ಅಲ್ಲಿಂದ ಸೋರುತ್ತದೆ, ಅಂಥವರಿಗೆ ಪಿಲ್ಲೋ ಮಾಸ್ಕ್ ಹೊಂದುವುದುಂಟು. ನಮ್ಮ ಭಾವನವರ ಕಥೆ ಇನ್ನೂ ಬೇರೆ. ಅಂಗಡಿಯಲ್ಲಿ ಹಲ್ಲಿನ ಸೆಟ್ ಹಾಕಿಕೊಂಡಿದ್ದಾಗ ಮಾಸ್ಕ್ ಚೆನ್ನಾಗಿ ಕೂತಿತ್ತು. ರಾತ್ರಿ ಸೆಟ್ ತೆಗೆದು ನೀರಲ್ಲಿಟ್ಟು ಮಲಗುತ್ತಾರೆ, ಕೆನ್ನೆ ಒಳಗೆ ಹೋಗುತ್ತದೆ, ಎರಡೂ ಕಡೆಯಿಂದ ಗಾಳಿ ಸೋರುತ್ತದೆ. ಹಲ್ಲಿನ ಸೆಟ್ ಇದೆಯಾ ಅಂತ ಅವರನ್ನು ಯಾರೂ ಕೇಳಿರಲಿಲ್ಲ.

ಕೇಳದೇ ಇರುವುದರಿಂದ ಅಪಾಯ ಆಗುವ ವಿಷಯವೂ ಒಂದಿದೆ. ಕೆಲವು ಮಾಸ್ಕ್‌ಗಳ ಪಟ್ಟಿಗೆ ಮ್ಯಾಗ್ನೆಟ್ ಕ್ಲಿಪ್ ಇರುತ್ತದೆ. ಹಾಕಲು ತೆಗೆಯಲು ಸುಲಭ ಅಂತ ವಯಸ್ಸಾದವರಿಗೆ ಅದನ್ನೇ ಕೊಡುತ್ತಾರೆ. ಪೇಸ್‌ಮೇಕರ್ ಇರುವವರು, ಮೆದುಳಿನ ರಕ್ತನಾಳಕ್ಕೆ ಲೋಹದ ಕ್ಲಿಪ್ ಹಾಕಿಸಿಕೊಂಡವರು ಇಂಥ ಮಾಸ್ಕ್ ಬಳಸಬಾರದು ಅಂತ 2022ರ ಸೆಪ್ಟೆಂಬರ್‌ನಲ್ಲಿ ಫಿಲಿಪ್ಸ್ ಕಂಪನಿ ಎಚ್ಚರಿಕೆ ಕೊಟ್ಟಿತು. ಕಾಂತ ಆ ಸಾಧನಗಳಿಂದ ಕನಿಷ್ಠ 6 ಇಂಚು ದೂರ ಇರಬೇಕು. ಮಾಸ್ಕ್ ಹಾಕುವವರು ಮಾತ್ರ ಅಲ್ಲ, ಪಕ್ಕದಲ್ಲಿ ಮಲಗುವವರಿಗೂ ಇದು ಅನ್ವಯಿಸುತ್ತದೆ. ನಿಮಗಾಗಲಿ ಪಕ್ಕದಲ್ಲಿ ಮಲಗುವವರಿಗಾಗಲಿ ಪೇಸ್‌ಮೇಕರ್, ಲೋಹದ ಕ್ಲಿಪ್ ಇಂಥದ್ದೇನಾದರೂ ಇದೆಯಾ ಅಂತ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಿದರೆ ಸಾಕು.

ಇನ್ನೊಂದು. ಮಾಸ್ಕಿನ ಮುಂಭಾಗದಲ್ಲೋ ಕೊಳವೆ ಸೇರುವ ಜಾಗದಲ್ಲೋ ಸಣ್ಣ ಸಣ್ಣ ತೂತುಗಳಿರುತ್ತವೆ. ಅಲ್ಲಿಂದ ಸದಾ ಗಾಳಿ ಬರುತ್ತಿರುತ್ತದೆ. ಅದು ಸೋರಿಕೆ ಅಲ್ಲ, ನಾವು ಬಿಟ್ಟ ಉಸಿರು ಹೊರಗೆ ಹೋಗುವ ದಾರಿ. ಸೋರುತ್ತಿದೆ ಅಂತ ಅದಕ್ಕೆ ಟೇಪ್ ಅಂಟಿಸಿದವರನ್ನು ನಾನೇ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಂಡ ಹಾಗಾಗುತ್ತದೆ. ಚಳಿಗೆ ಮುಖದ ತನಕ ಕಂಬಳಿ ಹೊದ್ದು ಆ ತೂತುಗಳನ್ನು ಮುಚ್ಚುವುದೂ ಬೇಡ.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಎರಡು ತೊಂದರೆ. ಯಂತ್ರದ ಜೊತೆ ಗಾಳಿಯನ್ನು ತೇವ ಮಾಡುವ ನೀರಿನ ಡಬ್ಬಿ ಇರುತ್ತದೆ. ಹೊರಗೆ ಥಂಡಿ ಇದ್ದಾಗ ಆ ತೇವ ಕೊಳವೆಯಲ್ಲೇ ನೀರಾಗಿ ಗುಳುಗುಳು ಅನ್ನುತ್ತದೆ, ಮಾಸ್ಕಿನೊಳಗೆ ಹನಿ ಬೀಳುತ್ತದೆ. ತೇವ ಸ್ವಲ್ಪ ಇಳಿಸಿ, ಕೊಳವೆಗೆ ಬಟ್ಟೆ ಸುತ್ತಿದರೆ ಕಡಿಮೆಯಾಗುತ್ತದೆ. ಎರಡನೆಯದು ಕರೆಂಟು. ಅದು ಹೋದರೆ ಯಂತ್ರ ನಿಲ್ಲುತ್ತದೆ. ಫುಲ್ ಫೇಸ್ ಮಾಸ್ಕಿನಲ್ಲಿ ಹೊರಗಿನ ಗಾಳಿ ಬರಲು ಒಂದು ವಾಲ್ವ್ ಇರುತ್ತದೆ, ಉಸಿರು ಕಟ್ಟುವುದಿಲ್ಲ, ಆದರೂ ಎಚ್ಚರವಾಗಿ ಮಾಸ್ಕ್ ತೆಗೆಯಬೇಕು. ಮನೆಯ ಇನ್‌ವರ್ಟರ್‌ಗೆ ಸಂಪರ್ಕ ಕೊಡಿಸಿಕೊಂಡರೆ ಒಳ್ಳೆಯದು.

ಮುಖಕ್ಕೆ ಹೊಂದಿಸುವ ವಿಷಯ ಹೊಸದೇನೂ ಅಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾಕ್ಟರ್ ಕಾಲಿನ್ ಸಲ್ಲಿವನ್ ಈ ಚಿಕಿತ್ಸೆ ಕಂಡುಹಿಡಿದು, 1981ರಲ್ಲಿ ಐವರು ರೋಗಿಗಳ ವರದಿಯನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಶುರುವಿನ ಆ ವರ್ಷಗಳಲ್ಲಿ ಒಬ್ಬೊಬ್ಬ ರೋಗಿಯ ಮೂಗಿನ ಅಚ್ಚು ತೆಗೆದು ಅವರಿಗೇ ಅಂತ ಮಾಸ್ಕ್ ಮಾಡುತ್ತಿದ್ದರು, ರಾತ್ರಿ ಅದನ್ನು ಅಂಟು ಹಾಕಿ ಮುಖಕ್ಕೆ ಅಂಟಿಸುತ್ತಿದ್ದರು. ಈಗ ಅಚ್ಚು ತೆಗೆಯುವ ಗೋಜಿಲ್ಲ, ಮೆತ್ತನೆಯ ಸಿಲಿಕಾನಿನಲ್ಲಿ ಬೇಕಾದಷ್ಟು ಮಾದರಿ, ಅಳತೆ ಸಿಗುತ್ತವೆ. ಅಷ್ಟು ಅಳತೆಗಳನ್ನು ಕಂಪನಿಗಳು ತಯಾರಿಸುವುದು ಮುಖಗಳು ಬೇರೆ ಬೇರೆ ಅಂತಲೇ ಅಲ್ವಾ? ನಮ್ಮ ಊರಿನ ಅಂಗಡಿಗೆ ಬರುವಷ್ಟರಲ್ಲಿ ಅದು ಒಂದೇ ಮೀಡಿಯಂ ಆಗಿರುತ್ತದೆ.

ವಾಪಸ್ ಪಡೆಯುವುದಿಲ್ಲ ಅನ್ನುವ ನಿಯಮದ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ಬಾಯಿ ಮೂಗಿಗೆ ಹಾಕಿದ ವಸ್ತು, ಇನ್ನೊಬ್ಬರಿಗೆ ಮಾರಲು ಆಗುವುದಿಲ್ಲ ಅನ್ನುತ್ತಾರೆ. ಒಪ್ಪುತ್ತೇನೆ. ಆದರೆ ಅಮೆರಿಕದಲ್ಲಿ ಹಲವು ಮಾರಾಟಗಾರರು ಮಾಸ್ಕ್ ಹೊಂದದಿದ್ದರೆ 30 ದಿನದೊಳಗೆ ಬದಲಾಯಿಸಿ ಕೊಡುತ್ತಾರೆ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷವಿರುವ ವಸ್ತುವನ್ನು ವಾಪಸ್ ತೆಗೆದುಕೊಳ್ಳದಿರುವುದು ಅನುಚಿತ ವ್ಯಾಪಾರ ಅಂತ ಇದೆ. ಆದರೆ ಅಳತೆ ತಪ್ಪಿದ ಮಾಸ್ಕ್ "ದೋಷವಿರುವ ವಸ್ತು" ಅಲ್ಲ ಅಂತ ಅಂಗಡಿಯವರು ಸುಲಭವಾಗಿ ಜಾರಿಕೊಳ್ಳುತ್ತಾರೆ. ಹೀಗಾಗಿ ರೋಗಿ ಮತ್ತೆ ಕೈಯಿಂದ ದುಡ್ಡು ಹಾಕಿ ಇನ್ನೊಂದು ಮಾಸ್ಕ್ ಕೊಳ್ಳಬೇಕು, ಅದೂ ಆಗದಿದ್ದರೆ ಮತ್ತೊಂದು. ನನ್ನ ವಿಮೆಯವರು ಯಂತ್ರಕ್ಕೂ ಮಾಸ್ಕಿಗೂ ಒಂದು ಪೈಸೆ ಕೊಡಲಿಲ್ಲ. ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನಲ್ಲಿ ಒಂದು ಮಿತಿಯೊಳಗೆ ಯಂತ್ರದ ಹಣ ವಾಪಸ್ ಸಿಗುತ್ತದೆ. ಖಾಸಗಿ ಕೆಲಸದವರು, ಕೃಷಿಕರು, ಸಣ್ಣ ವ್ಯಾಪಾರದವರು ಏನು ಮಾಡಬೇಕು? ಎರಡನೇ ಮಾಸ್ಕಿಗೆ ದುಡ್ಡಿಲ್ಲದೆ ಚಿಕಿತ್ಸೆಯನ್ನೇ ಬಿಡುತ್ತಾರೆ. ರಾತ್ರಿ ಬಸ್ಸು, ಲಾರಿ ಓಡಿಸುವ ಚಾಲಕರಲ್ಲಿ ಈ ಕಾಯಿಲೆ ಇರುವವರು ಹೀಗೆ ಬಿಟ್ಟರೆ ಅದು ಅವರೊಬ್ಬರ ಪ್ರಾಣದ ಪ್ರಶ್ನೆ ಮಾತ್ರ ಅಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗಳಲ್ಲಿ, ಸರ್ಕಾರಿ ಇರಲಿ ಖಾಸಗಿ ಇರಲಿ, ವಾರಕ್ಕೊಂದು ಮಧ್ಯಾಹ್ನ ಮಾಸ್ಕ್ ಹೊಂದಿಸಿಕೊಡಲು ಮೀಸಲಿಡಲಿ. ಒಂದು ಮಂಚ, ಒಂದು ಯಂತ್ರ, ಬೇರೆ ಬೇರೆ ಬಗೆಯ ಅಳತೆ ನೋಡುವ ಮಾಸ್ಕ್‌ಗಳು, ಕೆಲಸ ಕಲಿತ ಒಬ್ಬ ತಂತ್ರಜ್ಞರು ಇದ್ದರೆ ಸಾಕು. ಒಬ್ಬರಾದ ಮೇಲೆ ಒಬ್ಬರಿಗೆ ಬಳಸುವಾಗ ಮಾಸ್ಕನ್ನು ಸೋಂಕು ತಗುಲದ ಹಾಗೆ ಶುದ್ಧ ಮಾಡುವ ಕ್ರಮಗಳಿವೆ, ಆಸ್ಪತ್ರೆಯವರಿಗೆ ಅದೇನೂ ಕಷ್ಟ ಅಲ್ಲ. ಮಾರುವವರು ಮಲಗಿಸಿ, ಒತ್ತಡ ಕೊಟ್ಟು ನೋಡದೆ ಮಾಸ್ಕ್ ಮಾರಬಾರದು. ಒಂದು ತಿಂಗಳೊಳಗೆ ಬೇರೆ ಅಳತೆಗೆ ಬದಲಾಯಿಸಿ ಕೊಡುವುದನ್ನು ಬೆಲೆಯಲ್ಲೇ ಸೇರಿಸಲಿ, ನಾವು ಕೊಡುತ್ತೇವೆ. ಪರೀಕ್ಷೆ ಬರೆದುಕೊಡುವ ಡಾಕ್ಟರುಗಳಿಗೂ ಒಂದು ವಿನಂತಿ. ಯಂತ್ರದೊಳಗೆ ದಿನಾ ಎಷ್ಟು ಗಂಟೆ ಬಳಸಿದ್ದಾರೆ, ಎಷ್ಟು ಸೋರಿದೆ ಅನ್ನುವ ಲೆಕ್ಕ ಇರುತ್ತದೆ. ರೆಸ್‌ಮೆಡ್ ಕಂಪನಿಯ ಯಂತ್ರಗಳಲ್ಲಿ ನಿಮಿಷಕ್ಕೆ 24 ಲೀಟರ್ ದಾಟಿದರೆ ಸೋರಿಕೆ ಜಾಸ್ತಿ ಅಂತ ಅರ್ಥ. ರೋಗಿ ಬಂದಾಗ ಬಿಪಿ ನೋಡುವ ಜೊತೆಗೆ ಅದನ್ನೂ ತೆರೆದು ನೋಡಿ. "ಹಾಕ್ಕೊಳ್ತಿದೀರಾ" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ.

ಯಂತ್ರವನ್ನು ಬೀರುವಿನ ಮೇಲೆ ಇಟ್ಟಿರುವ ಓದುಗರು ಯಾರಾದರೂ ಇದ್ದರೆ, ಅದನ್ನು ಮಾರಿಬಿಡುವ ಮೊದಲು ಇನ್ನೊಂದು ಬಗೆಯ ಮಾಸ್ಕ್ ಹಾಕಿ ನೋಡಿ. ಮುಖ ಮುಚ್ಚಿದರೆ ಗಾಬರಿ ಆಗುವವರು ಹಗಲು ಟಿವಿ ನೋಡುವಾಗ ಯಂತ್ರ ಆನ್ ಮಾಡಿ ಸ್ವಲ್ಪ ಹೊತ್ತು ಹಾಕಿಕೊಂಡು ಕೂತರೆ ಭಯ ಹೋಗುತ್ತದೆ. ಮೂಗಿನ ಮೇಲೆ ಗಾಯವಾಗಿದ್ದರೆ ಅದು ವಾಸಿಯಾಗುವವರೆಗೆ ಏನು ಮಾಡಬೇಕು ಅಂತ ಡಾಕ್ಟರನ್ನು ಕೇಳಿ, ಸುಮ್ನೆ ಸಹಿಸಿಕೊಂಡು ಇರಬೇಡಿ. ಮನೆಯವರೂ ರಾತ್ರಿ ಒಮ್ಮೆ ಎದ್ದಾಗ ಮಾಸ್ಕ್ ಎಲ್ಲಿ ಸೋರುತ್ತಿದೆ ಅಂತ ಕೈ ಹಿಡಿದು ನೋಡಿ ಹೇಳಿದರೆ ಬಹಳ ಉಪಕಾರ. ನಿದ್ದೆಯಲ್ಲಿರುವವರಿಗೆ ಅದು ಗೊತ್ತಾಗುವುದಿಲ್ಲ.

ಸಂಪಾದಕರೇ, ನಿಮ್ಮ ಜಿಲ್ಲಾ ವರದಿಗಾರರ ಮೂಲಕ ಯಾವ ಯಾವ ಊರಿನಲ್ಲಿ, ಯಾವ ಆಸ್ಪತ್ರೆಯಲ್ಲಿ ಮಲಗಿಸಿ ಮಾಸ್ಕ್ ಹೊಂದಿಸಿ ಕೊಡುತ್ತಾರೆ ಅಂತ ವಿಚಾರಿಸಿ ಆರೋಗ್ಯ ಪುಟದಲ್ಲಿ ಪ್ರಕಟಿಸಬೇಕು ಅಂತ ಕೇಳಿಕೊಳ್ಳುತ್ತೇನೆ. ಇಂಥ ಸೌಲಭ್ಯ ಇಲ್ಲದ ಜಿಲ್ಲೆಗಳ ಹೆಸರನ್ನೂ ಹಾಕಿ. ನಮ್ಮ ಜಿಲ್ಲೆಯ ಮಟ್ಟಿಗೆ ಆ ಮಾಹಿತಿ ಕೂಡಿಸಲು ನನ್ನಿಂದ ಆದ ಸಹಾಯ ಮಾಡುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು
ಶಿವಮೊಗ್ಗ